ನಡುದಾರಿಯಲ್ಲಿ ಇಳಿಸಿದ ಗಂಟೆ

ಇನ್ನೂ ರೆಕ್ಕೆ ಬಾರದ ಹಣ್ಣಿನ ನೊಣವೊಂದರ ಬೆನ್ನಲ್ಲಿ ಅವಳಿ ಕೋಶಗಳಿದ್ದವು. ಅಕ್ಕ ಕೂದಲಾಗಬೇಕು, ತಂಗಿ ಅದರ ಬುಡದಲ್ಲಿ ಕೂತು ಅದು ಬಾಗಿದಾಗ ನೊಣಕ್ಕೆ ಸುದ್ದಿ ಮುಟ್ಟಿಸುವ ನರವಾಗಬೇಕು. ಆದ್ದರಿಂದ "ಕೂದಲಾಗು" ಎಂದು ಸಾರುವ ಗಂಟೆಯನ್ನು ತಂಗಿಯ ಬಾಗಿಲಿನಿಂದ ಕಳಚಿ, ಅರೆದು ಇಲ್ಲವಾಗಿಸುವ ಕೋಣೆಗೆ ಒಯ್ಯಲು ಅವಳೊಳಗೇ ಹೊರೆ ಹೊರುವ ಹಮಾಲಿ ಚೀಲವೊಂದು ಹೊರಟಿತು. ನಡುದಾರಿಯಲ್ಲೇ ಹೊರೆ ಇಳಿಸಿತು.

"ಇಲ್ಲಿ ಬಿಡಬೇಡಣ್ಣ, ಯಾರೂ ಬಾರಿಸದಿದ್ದರೂ ನಾನು ಬಡಿದುಕೊಳ್ಳುತ್ತೇನೆ," ಎಂದಿತು ಗಂಟೆ.

"ಹೊರುವುದಷ್ಟೇ ನನ್ನ ಕೆಲಸ. ನೀನು ಬಡಿದುಕೊಂಡರೆ ನನಗೇನು?" ಎಂದಿತು ಚೀಲ.

ಗಂಟೆ ಬಡಿದೇ ಬಡಿಯಿತು. ತಂಗಿ ಅದನ್ನೇ ಅಪ್ಪಣೆಯೆಂದು ನಂಬಿದಳು.

ರೆಕ್ಕೆ ಬಂದ ನೊಣ ಬಾಳೆಹಣ್ಣಿನ ಮೇಲೆ ಕೂತು ರಸ ಹೀರುತ್ತಿತ್ತು. ಹಿಂದಿನಿಂದ ಹಲ್ಲಿಯ ಉಸಿರು ತಾಗಿ ಅಕ್ಕ ಬಾಗಿದಳು.

"ಅಯ್ಯೋ, ಹಲ್ಲಿ! ತಂಗೀ, ಬೇಗ ನೊಣಕ್ಕೆ ಸುದ್ದಿ ಮುಟ್ಟಿಸೇ!"

ಬುಡದಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲೇ ಬಾಗಿ ನಡುಗುತ್ತಿದ್ದ ತಂಗಿ ಎಂದಳು: "ಅಕ್ಕಾ, ನಾನೂ ಕೂದಲೇ!"