ಸಿಂಹಾಸನದ ಬುಡದಲ್ಲಿದ್ದ ಉತ್ತರ

"ಕೇಳಿರಪ್ಪೋ ಕೇಳಿ! ದೊರೆಮಗಳು ಕನಕಾಂಗಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ಅವಳನ್ನೇ ಬೇಡಿದರೂ ಸೈ. ತಪ್ಪಿದವನ ತಲೆ ಅಮಾವಾಸ್ಯೆಗೆ ಹಾರುತ್ತದೆ!"

ಡಂಗುರ ಹೊಡೆದದ್ದೇ ತಡ, ಕತ್ತಿನ ಮೇಲೆ ತಲೆ ಭಾರವಾದವರೆಲ್ಲ ಅರಮನೆಗೆ ಓಡಿದರು. ಕುರಿ ಕಾಯುವ ಬೊಮ್ಮಣ್ಣನೂ ಓಡಿದ, ತಪ್ಪು ಹೇಳಿದ, ಸೆರೆ ಸೇರಿದ. ಸುದ್ದಿ ತಿಳಿದು ಅವರವ್ವ ಊಟ ಬಿಟ್ಟಳು. ಅಣ್ಣನ ತಲೆ ಉಳಿಸಲು ತಮ್ಮ ಮಾಳಿಂಗ ಐದು ದಿನ ನಡೆದು ಬಂದ. ಅಮಾವಾಸ್ಯೆಗೆ ನಾಲ್ಕೇ ದಿನ. ಕಾಲು ಬಾತಿತ್ತು, ಅಣ್ಣನನ್ನು ಬೈಯಲೂ ತ್ರಾಣವಿರಲಿಲ್ಲ ಪಾಪ. ಸಭೆಯಲ್ಲಿ ನೆಲದ ಮೇಲೇ ಕುಸಿದು ಕೂತ.

ಕನಕಾಂಗಿಯ ಕಣ್ಣುಗಳೂ ಬಾತಿದ್ದವು. "ಮಾಂಸ ತಿನ್ನುವವನು ತಾನಾಗಿ ಹುಲ್ಲಿಗೆ ಬಾಯಿ ಹಾಕುತ್ತಾನೆ. ಯಾಕೆ?" ಎಂದಳು.

"ವೈರಾಗ್ಯ ಬಂದ ರಾಜ!" ಎಂದ ಪಂಡಿತನನ್ನು ಭಟರು ಎಳೆದೊಯ್ದರು.

"ಎದುರಿಗೆ ಅನ್ನವಿಲ್ಲ, ಆದರೂ ತುಟಿ ನೆಕ್ಕಿ ನೆಕ್ಕಿ ನುಂಗುತ್ತಾನೆ. ಯಾಕೆ?"

"ಜಿಪುಣ! ಊಟ ನೆನೆದೇ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ," ಎಂದ ಸಾಹುಕಾರನ ಮಗ. ಅವನೂ ಹೋದ.

"ಎದೆ ನೆಲಕ್ಕೂರಿ, ಹಿಂಭಾಗ ಎತ್ತಿ ಬಾಗುತ್ತಾನೆ. ಏನೂ ಬೇಡುವುದಿಲ್ಲ. ಯಾಕೆ?"

"ಆಸ್ಥಾನಿಕ!" ಎಂದ ಮಂತ್ರಿಯ ಅಳಿಯ. ಅರ್ಧ ಸಭೆ ಕೆಮ್ಮಿತು. ಅವನೂ ಹೋದ.

ಈ ಮಹಾಶಯರೆಲ್ಲ ಬಾಯಿ ತೆರೆಯುವ ಮುಂಚೆ, ದೊರೆಮಗಳನ್ನು ಒಲಿಸಲೆಂದು ಅವಳ ನಾಯಿ ಬಿಜ್ಜನ ಮುಂದೆ ಒಂದೊಂದು ತುಪ್ಪದ ಹೋಳಿಗೆ ಇಟ್ಟಿದ್ದರು. ಸಿಂಹಾಸನದ ಬುಡದಲ್ಲಿ ಮುದುಡಿದ್ದ ಬಿಜ್ಜ ಮೂಸಲೂ ಇಲ್ಲ. ಅದರ ಬಾಯಲ್ಲಿ ಹಸಿರು ನೊರೆ. ನೆಲದಲ್ಲಿ ಕೂತ ಮಾಳಿಂಗನಿಗೆ ಅದು ಕಂಡಿತು.

"ಅಯ್ಯ, ನಿಮ್ಮ ನಾಯಿಗೆ ಹೊಟ್ಟಿ ಕೆಟ್ಟೈತ್ರಿ ತಾಯಿ! ಹೊಟ್ಟಿ ತೊಳಸಿದ್ರ ನಾಯಿ ಹುಲ್ಲು ಕಡೀತೈತಿ. ವಾಂತಿ ಬರೂ ಮುಂದ ತುಟಿ ನೆಕ್ಕಿ ಜೊಲ್ಲು ನುಂಗತೈತಿ. ಹೊಟ್ಟಿ ಹಿಂಡಿದ್ರ ಎದಿ ಊರಿ ಹಿಂದ ಎತ್ತತೈತಿ. ಅರಮನಿಯವ್ರು ಮುದ್ದಿಗೆ, ಬಂದವ್ರು ಓಲೈಸಾಕ, ತುಪ್ಪದ ಹೋಳಿಗಿ ತುರುಕ್ಯಾರ."

ಕನಕಾಂಗಿ ಬಿಕ್ಕಿ ಬಿಕ್ಕಿ ಅತ್ತಳು. "ಒಗಟಿನ 'ಅವನು' ಬಿಜ್ಜನೇ, ಆದರೆ ಯಾಕೆಂಬ ಉತ್ತರ ನನಗೂ ಗೊತ್ತಿರಲಿಲ್ಲ. ನಾಯಿಗೆ ಮದ್ದು ಹೇಳಿ ಅಂದರೆ ವೈದ್ಯರು ನಕ್ಕರು. ಒಗಟು ಅಂದೆ, ಊರೇ ಬಂತು."

"ಇವನು ಹೇಳಿದ್ದು ಸರಿಯೆಂದು ನಂಬುವುದು ಹೇಗೆ?" ಎಂದ ದೊರೆ.

"ಮೂರು ದಿನ ಕೊಡ್ರಿ ಧಣಿ. ನಾಯಿ ಏಳದಿದ್ರ ಅಣ್ಣನ ಜೋಡಿ ನನ್ನ ತಲೀನೂ ತಗೀರಿ."

ಮೊದಲ ದಿನ ಬಿಜ್ಜನಿಗೆ ಊಟ ಕೊಡಲಿಲ್ಲ, ಗುಟುಕು ಗುಟುಕಾಗಿ ನೀರಷ್ಟೇ. ಆಮೇಲೆ ತೆಳ್ಳನೆ ಅಕ್ಕಿ ಗಂಜಿ. ಮೂರನೆಯ ದಿನ ಬಿಜ್ಜ ಎದ್ದು ಮೈ ಕೊಡವಿ, ಬಾಲ ಅಲ್ಲಾಡಿಸಿತು. ಕನಕಾಂಗಿ ನಕ್ಕಳು.

"ಬೇಡು," ಎಂದ ದೊರೆ. ಸಭೆಯೆಲ್ಲ ಕನಕಾಂಗಿಯತ್ತ ನೋಡಿತು.

"ನಮ್ಮಣ್ಣನ್ನ ಬಿಡ್ರಿ. ಉಳಿದವ್ರನೂ ಬಿಡ್ರಿ. ಊರಿಗೆ ಹೋಗಾಕ ಒಂದು ಬಂಡಿ ಕೊಡ್ರಿ, ನಡಿಯಾಕ ಆಗವಲ್ದು."

ಬಂಡಿಯ ಜೊತೆಗೆ ಕನಕಾಂಗಿ ಅರಮನೆಯ ಹುಲ್ಲುಗಾವಲನ್ನೂ ಅವನ ಕುರಿಗಳಿಗೆ ಬರೆದುಕೊಟ್ಟಳು. ಬಂಡಿ ಊರಬಾಗಿಲು ದಾಟಿದ ಮೇಲೆ ಬೊಮ್ಮಣ್ಣ ಮೆಲ್ಲಗೆ ಕೇಳಿದ: "ಉತ್ತರ ಏನಿತ್ತಲೇ ತಮ್ಮಾ?"

"ನಾಯಿಗೆ ಹೊಟ್ಟಿ ಕೆಟ್ಟಿತ್ತು."

ಹುಟ್ಟಿದಾಗಿನಿಂದ ಕುರಿನಾಯಿಗಳ ನಡುವೆಯೇ ಬೆಳೆದ ಬೊಮ್ಮಣ್ಣ ಬಹಳ ಹೊತ್ತು ಯೋಚಿಸಿದ.

"ಅಲ್ಲಿ ನಾಯಿ ಇತ್ತೇನು?"