ಕೆಂಪು ಬಟ್ಟೆ ಬಿಚ್ಚಿಸಿದ ಹೆಗ್ಗಡೆ

"ನಾಲ್ಕು ಖೇಪಿನ ಸರಕನ್ನು ಒಂದೇ ಖೇಪಿಗೆ ತರಿಸಿದ್ದೇನೆ ಪ್ರಭು. ಇಷ್ಟು ವರ್ಷ ಈ ಬಂದರನ್ನು ನೋಡಿಕೊಂಡವರು ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು," ಎಂದು ಶಂಭು ಹೆಗ್ಗಡೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅಳಿವೆಕೋಟೆಯ ಬಂದರಿಗೆ ಅವನು ಹೊಸ ಅಧಿಕಾರಿ. ಅಲ್ಲಿಯ ದೋಣಿಯವರದು ಒಂದು ಹಳೆಯ ಕಟ್ಟಳೆ. ತೋಪಿನ ಮದ್ದು ತುಂಬಿದ ಭರಣಿಯ ಕೊರಳಿಗೆ ಕೆಂಪು ಬಟ್ಟೆ ಕಟ್ಟಬೇಕು. ಮದ್ದು ಹೊತ್ತ ಮಂಜಿಯಲ್ಲಿ, ಅಂದರೆ ಸರಕಿನ ದೋಣಿಯಲ್ಲಿ, ಬೇರೆ ಸರಕು ಇರಕೂಡದು, ಒಲೆ ಹಚ್ಚಕೂಡದು. ಊರು ಮುಟ್ಟುವವರೆಗೆ ಅವಲಕ್ಕಿ ನೆನೆಸಿಕೊಂಡು ತಿನ್ನಬೇಕು. ಹೆಗ್ಗಡೆಗೆ ಇದೆಲ್ಲ ಸೋಮಾರಿಗಳ ನೆಪವಾಗಿ ಕಂಡಿತು. ಬಟ್ಟೆ ಬಿಚ್ಚಿಸಿದ. ಮದ್ದು, ತುಪ್ಪ, ಬೆಲ್ಲ ಎಲ್ಲವನ್ನೂ ಒಂದೇ ಮಂಜಿಗೆ ಹೇರಿಸಿದ.

ದೋಣಿಯ ಯಜಮಾನ ಪಂಜು ಮರಕಾಲ, "ಹೀಗಾದ್ರೆ ನಾ ಹತ್ತೂದಿಲ್ಲ," ಎಂದು ದಡದಲ್ಲೇ ಕೂತುಬಿಟ್ಟ. ಹೆಗ್ಗಡೆ ಅವನನ್ನು ಸೆರೆಗೆ ತಳ್ಳಿ ತನ್ನ ಆಳುಗಳಿಂದಲೇ ಮಂಜಿ ನಡೆಸಿದ. ಅದು ಸುಖವಾಗಿ ಬಂದು ಸೇರಿತು. ಇವತ್ತಿನ ಮೀಸೆಗೆ ಅದೇ ಕಾರಣ.

"ಕಿಡಿ ಹಾರಿತೇ? ಯಾರಾದರೂ ಸತ್ತರೇ? ಆ ಪಂಜುವಿನ ಮಂಜಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಅಪ್ಪಣೆಯಾಗಲಿ," ಎಂದ ಹೆಗ್ಗಡೆ.

ಅರಸ ತಿರುಮಲರಸ ಒಳ್ಳೆಯವನೇ, ಆದರೆ ಗಟ್ಟಿಯಾಗಿ ಮಾತಾಡಿದವರ ಕಡೆ ವಾಲುವ ಸ್ವಭಾವ. "ನಾಳೆ ನಿನ್ನ ಹೊಸ ಮನೆಗೆ ಊಟಕ್ಕೆ ಬರುತ್ತೇನಲ್ಲ, ಊಟ ಮುಗಿಸಿ ಮುದ್ರೆ ಒತ್ತುತ್ತೇನೆ," ಎಂದ.

ಸಭೆಯ ಮೂಲೆಯಲ್ಲಿ ಕೂತಿದ್ದ ಆಸ್ಥಾನದ ವಿದೂಷಕ ಸಾಂತಯ್ಯನಿಗೆ ಒಂದೇ ಚಿಂತೆ. ಮಂಜಿ ಹೋದರೆ ಪಂಜುವಿನ ಮನೆಯವರು ತಿನ್ನುವುದೇನು? ಆದರೆ ಮೀಸೆ ತಿರುವುವವನ ಜೊತೆ ಸಭೆಯಲ್ಲಿ ವಾದಿಸಿ ಗೆದ್ದವರನ್ನು ಸಾಂತಯ್ಯ ಕಂಡಿರಲಿಲ್ಲ. ಸುಮ್ಮನೆ ಕೇಳಿದ, "ನಾಳೆ ಹೋಳಿಗೆಯೋ ಹೆಗ್ಗಡೆಯವರೇ?"

"ಹೋಳಿಗೆಯೇ. ಅದೇ ಮಂಜಿಯಲ್ಲಿ ಬಂದ ಬೆಲ್ಲ, ಅದೇ ಮಂಜಿಯಲ್ಲಿ ಬಂದ ತುಪ್ಪ. ನೀವೂ ಬನ್ನಿ."

ಸಾಂತಯ್ಯ ಕರೆದ ಹೊತ್ತಿಗಿಂತ ಬಹಳ ಮುಂಚೆಯೇ ಹೋದ. ನೇರ ಅಡುಗೆಮನೆಗೇ ನುಗ್ಗಿದ. ಗೋಡೆಯುದ್ದಕ್ಕೂ ಭರಣಿಗಳು, ಎಲ್ಲವೂ ಒಂದೇ ಅಚ್ಚು. ಉಪ್ಪುನೀರು ಇಳಿಯದಂತೆ ಬಾಯಿಗೆ ಅರಗು ಮೆತ್ತಿತ್ತು. ಅಡುಗೆಯ ಪರಮೇಶ್ವರ ಭಟ್ಟರು ಅರಗು ಕರಗಿಸಲು ಇಕ್ಕಳದಲ್ಲಿ ಕೆಂಡ ಹಿಡಿದು ಬಾಗಿದ್ದರು.

"ಭಟ್ಟರೇ, ಅದು ಬೆಲ್ಲದ ಭರಣಿಯೋ, ಮದ್ದಿನದೋ?"

ಭಟ್ಟರು ಕೆಂಡವನ್ನು ನೋಡಿದರು, ಭರಣಿಯನ್ನು ನೋಡಿದರು. ಕೆಂಡವನ್ನು ಹಾಗೇ ಹೊರಗೊಯ್ದು ಬಾವಿಗೆ ಎಸೆದವರು ಮತ್ತೆ ಒಳಗೆ ಬರಲಿಲ್ಲ.

ಗದ್ದಲ ಕೇಳಿ ಹೆಗ್ಗಡೆ ಓಡಿಬಂದ. "ಏನು ಸಾಂತಯ್ಯ ಇದು? ಇವೆಲ್ಲ ಬೆಲ್ಲ, ತುಪ್ಪ. ಮದ್ದಿನ ಭರಣಿಗಳು ಕೋಟೆಗೆ ಹೋದವು."

"ಇಳಿಸುವಾಗ ಬೇರೆ ಮಾಡಿದವರು ಯಾರು?"

"ನನ್ನ ಆಳುಗಳು."

"ಯಾವ ಗುರುತು ನೋಡಿ?"

ಹೆಗ್ಗಡೆ ಭರಣಿಗಳ ಬರಿಯ ಕೊರಳುಗಳನ್ನು ಒಂದೊಂದಾಗಿ ನೋಡಿದ.

"ನನಗಂತೂ ಗೊತ್ತಿಲ್ಲಪ್ಪ," ಎಂದ ಸಾಂತಯ್ಯ. "ಇದರಲ್ಲಿ ಮದ್ದಿಲ್ಲ ಅಂತ ನೀವೊಬ್ಬರು ಹೇಳಿಬಿಡಿ, ಸಾಕು. ಕೆಂಡ ತರಿಸುತ್ತೇನೆ. ನೀವೇ ಹಿಡಿದು ಅರಗು ಕರಗಿಸಿ."

"ಕೆಂಡ ಯಾಕೆ? ಒಡೆದರಾಯಿತು."

"ಒಡೆಯಿರಿ. ಕಲ್ಲಿಗೆ ಕಬ್ಬಿಣ ತಾಗಿ ಕಿಡಿ ಏಳದಿರಲಿ ಅಂತ ನಾನು ಬೇಲಿಯಾಚೆ ನಿಂತು ಬೇಡಿಕೊಳ್ಳುತ್ತೇನೆ."

ಹಿತ್ತಲಿನಲ್ಲಿ ಬೇರೆ ಒಲೆ ಹೂಡಿಸೋಣವೆಂದು ಹೆಗ್ಗಡೆ ಕೂಗಿದರೆ, ಮದ್ದಿನ ಮಾತು ಕೇಳಿದ ಆಳುಗಳು ಆಗಲೇ ಓಡಿಹೋಗಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಕಹಳೆ ಮೊಳಗಿತು. ಅರಸ ಬಂದಿದ್ದ, ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ.

"ಎಲೆ ಹಾಕಿಸು ಹೆಗ್ಗಡೆ. ಅದೇಕೆ, ಒಗ್ಗರಣೆಯ ವಾಸನೆಯೇ ಇಲ್ಲವಲ್ಲ?"

"ಪ್ರಭು... ಸ್ವಲ್ಪ ತಡ. ಮೊದಲು ಆ ಪಂಜುವನ್ನು ಕರೆಸಬೇಕು. ಅವನು ನೋಡಿದ ಕೂಡಲೇ ಹೇಳುತ್ತಾನೆ."

"ಯಾವ ಪಂಜು? ಸೆರೆಯಲ್ಲಿರುವವನೇ? ಅವನು ಅಡುಗೆಯನ್ನೂ ಮಾಡುತ್ತಾನೆಯೇ?" ಎಂದ ಅರಸ. ಸಾಂತಯ್ಯ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ಕೇಳುತ್ತಾ ಕೇಳುತ್ತಾ ಅರಸ ಅಡುಗೆಮನೆಯ ಬಾಗಿಲಿನಿಂದ ಮೆಲ್ಲಗೆ ಅಂಗಳಕ್ಕೆ ಸರಿದ.

ಪಂಜುವನ್ನು ಕರೆತಂದರು. ಹೆಗ್ಗಡೆ ತಾನೇ ಅವನ ಕೈಯ ಹಗ್ಗ ಬಿಚ್ಚಿ, "ಮಾರಾಯ, ಇದರಲ್ಲಿ ಮದ್ದು ಯಾವುದು, ಬೆಲ್ಲ ಯಾವುದು, ಒಂದು ಸಲ ಎತ್ತಿ ನೋಡು," ಎಂದ.

ಪಂಜು ಒಂದು ಭರಣಿಯನ್ನು ಎತ್ತಿದ, ಇನ್ನೊಂದನ್ನು ತಟ್ಟಿದ. ಎರಡನ್ನೂ ಕೆಳಗಿಟ್ಟ. "ಗೊತ್ತಾಗೂದಿಲ್ಲ ಒಡೆಯ."

"ಹುಟ್ಟಿದಾಗಿನಿಂದ ಮದ್ದು ಸಾಗಿಸಿದವನು ನೀನು, ನಿನಗೂ ಗೊತ್ತಾಗುವುದಿಲ್ಲವೇ?"

"ನಮಗೆ ಗೊತ್ತಾಗೂದಿದ್ರೆ ಬಟ್ಟೆ ಯಾಕೆ ಕಟ್ತಿದ್ವಿ ಒಡೆಯ?"

ಅರಸ ಹೆಗ್ಗಡೆಯ ಮುಖ ನೋಡಿದ. ಹೆಗ್ಗಡೆ ಮೀಸೆಯನ್ನು ಕೆಳಕ್ಕೆ ಸವರಿಕೊಂಡ.

ಬೇರೆ ದಾರಿಯಿರಲಿಲ್ಲ. ಅರಸನ ಅಪ್ಪಣೆಯಂತೆ ಭರಣಿಗಳನ್ನು ಒಂದೊಂದಾಗಿ ಹೊಳೆಗೆ ಹೊತ್ತೊಯ್ದು, ನೀರಿನೊಳಗೆ ಮುಳುಗಿಸಿ ಒಡೆದರು. ಬೆಲ್ಲ ಕರಗಿ ಮೀನುಗಳಿಗೆ ಪಾನಕವಾಯಿತು, ತುಪ್ಪ ತೇಲಿ ಕಡಲಿಗೆ ಹೋಯಿತು. ಕೊನೆಯ ಭರಣಿಯೂ ಒಡೆಯಿತು. ಪುಣ್ಯಕ್ಕೆ ಮದ್ದು ಒಂದರಲ್ಲೂ ಇರಲಿಲ್ಲ. ದಡದ ಮೇಲೆ ಅರಸ ಪಂಜುವಿನ ಮನೆಯಿಂದ ತರಿಸಿದ ನೆನೆಸಿದ ಅವಲಕ್ಕಿ ತಿನ್ನುತ್ತಿದ್ದ.

ಹೆಗ್ಗಡೆಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಮೀಸೆಯೂ ಮೇಲೆದ್ದಿತು. "ನೋಡಿದಿರಾ ಪ್ರಭು, ಈ ಸಾಂತಯ್ಯ ಸುಮ್ಮನೆ ಹೆದರಿಸಿದ. ಒಂದು ಚಿಟಿಕೆ ಮದ್ದೂ ಇರಲಿಲ್ಲ."

"ಇರಲಿಲ್ಲ ಅಂತ ನಿಮಗೆ ಈಗ ಗೊತ್ತಾಯಿತು ಹೆಗ್ಗಡೆಯವರೇ," ಎಂದ ಸಾಂತಯ್ಯ. "ಒಂದು ಚೂರು ಕೆಂಪು ಬಟ್ಟೆ ಉಳಿಸಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಇಷ್ಟು ಹೊತ್ತಿಗೆ ಪ್ರಭುಗಳು ಹೋಳಿಗೆ ತಿಂದು ಎಲೆಯಡಿಕೆ ಹಾಕುತ್ತಿದ್ದರು."

ಅರಸ ನಕ್ಕ ನಗೆಗೆ ಅವಲಕ್ಕಿ ನೆತ್ತಿಗೇರಿತು. ಸುಧಾರಿಸಿಕೊಂಡು ಪಂಜುವಿನ ಮಂಜಿ ಪಂಜುವಿಗೇ ಎಂದ. ಸಾಂತಯ್ಯನ ಹೆಗಲಿಗೆ ತನ್ನ ಶಾಲು ಹೊದಿಸಿದ. ಆಮೇಲೆ ಹೆಗ್ಗಡೆಯ ಕಡೆ ತಿರುಗಿ, "ಮುಂದಿನ ಮದ್ದಿನ ಖೇಪಿಗೆ ನೀನೂ ಮಂಜಿ ಹತ್ತು," ಎಂದ.

"ಅಪ್ಪಣೆ," ಎಂದ ಹೆಗ್ಗಡೆ ಸಣ್ಣ ದನಿಯಲ್ಲಿ. "ಆದರೆ ಭರಣಿಗಳಿಗೆ ಬಟ್ಟೆ ನಾನೇ ಕಟ್ಟುತ್ತೇನೆ ಪ್ರಭು. ಇನ್ನೊಬ್ಬರ ಗಂಟು ನಂಬಲಾರೆ."