ಸಾಹುಕಾರರ ತೋಟದ ಪಲ್ಯ

ಗದಗಿನ ಹೊರಗೆ ಅಂದಾನಪ್ಪ ಸಾಹುಕಾರರು ಒಂದು ತೋಟ ಕೊಂಡು 'ಸಹಜ ಊಟ' ಎಂದು ಬೋರ್ಡು ಹಾಕಿಸಿದರು. ತೋಟದಲ್ಲಿ ಬಿತ್ತಿದ್ದು ಮಾತ್ರ ಏನೂ ಇರಲಿಲ್ಲ. ಕಾಯಿಪಲ್ಯವೆಲ್ಲ ಸಂತೆಯಿಂದ ಬರುತ್ತಿತ್ತು.

ಒಂದು ಭಾನುವಾರ ಪಟ್ಟಣದ ಅತಿಥಿಗಳು ಊಟಕ್ಕೆ ಬರುವವರಿದ್ದರು. ಸಾಹುಕಾರರು ಅಡುಗೆಯ ಫಕೀರವ್ವನನ್ನು ಕರೆದರು.

"ಪಲ್ಯ ಎಲ್ಲೀದು ಅಂತ ಯಾರರ ಕೇಳಿದ್ರ, ನಮ್ಮ ತೋಟದ್ದು ಅನ್ನಬೇಕು. ಮಾತು ಬದಲಿಸಿದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

ಫಕೀರವ್ವನಿಗೆ ಕೆಲಸ ಬೇಕಿತ್ತು, ಸುಳ್ಳು ಬೇಕಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬುಟ್ಟಿ ಹಿಡಿದು ತೋಟಕ್ಕೆ ಇಳಿದಳು.

ಮಧ್ಯಾಹ್ನ ಅತಿಥಿಗಳು ರೊಟ್ಟಿಯ ಜೊತೆ ಪಲ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. "ಇದು ಎಲ್ಲಿಯದಮ್ಮಾ?" ಎಂದು ಒಬ್ಬರು ಕೇಳಿದರು.

"ನಮ್ಮ ತೋಟದ್ದರೀ," ಎಂದಳು ಫಕೀರವ್ವ.

ಸಾಹುಕಾರರು ತಟ್ಟೆ ನೋಡಿ ಬೆಚ್ಚಿಬಿದ್ದರು. ಆಕೆಯ ಹಿಂದೆಯೇ ಅಡುಗೆಮನೆಗೆ ಬಂದು ಪಿಸುಗುಟ್ಟಿದರು.

"ಸಂತಿ ಬದನಿಕಾಯಿ ಎಲ್ಲಿ? ಇದು ಗೋಣಿಸೊಪ್ಪು. ತೋಟದಾಗಿನ ಕಳೆ!"

"ಮಾತು ಬದಲಿಸಬ್ಯಾಡ ಅಂದ್ರಿ. ಅದಕ್ಕ ಪಲ್ಯ ಬದಲಿಸೀನ್ರಿ."

ಅಷ್ಟರಲ್ಲಿ ಕೈ ತೊಳೆದ ಅತಿಥಿಗಳು ಬಾಗಿಲಿಗೇ ಬಂದರು. "ಸಾಹುಕಾರರೇ, ಇಷ್ಟು ರುಚಿಯಾದ ಸೊಪ್ಪು ಬೆಳೆಯೋಕೆ ಏನು ಮಾಡ್ತೀರಿ?"

ಫಕೀರವ್ವ ಸೆರಗು ಸರಿಮಾಡಿಕೊಂಡು ಸಮಾಧಾನದಿಂದ ಹೇಳಿದಳು.

"ಅವರು ಏನೂ ಮಾಡೂದಿಲ್ರಿ. ಅದಕ್ಕ ಇಷ್ಟು ಛಲೋ ಬೆಳೀತೈತಿ."